ದೊಡ್ಡ ಕಾರಿನ ಎಣ್ಣೆ

ಯಜಮಾನಿ ತೀರಿಕೊಂಡ ಮೇಲೆ ಅವರ ಮನೆ ಅಣ್ಣನ ಮಕ್ಕಳ ಪಾಲಾಯಿತು. ಪುಸ್ತಕಗಳೆಲ್ಲ ಗ್ರಂಥಾಲಯ ಸೇರಿದವು. ಕಾರು ಮಾತ್ರ ಡ್ರೈವರಿಗೆ ಬಂತು. ಹೀಗಾಗುತ್ತದೆಂದು ಯಾರೂ ಎಣಿಸಿರಲಿಲ್ಲ. ಡ್ರೈವರಂತೂ ಕನಸಿನಲ್ಲೂ ಎಣಿಸಿರಲಿಲ್ಲ. ವಕೀಲರು ಕೀಲಿಕೈಯನ್ನು ಅವನ ಅಂಗೈಗೆ ಹಾಕಿದಾಗ, ಕಾರನ್ನು ಬಾಗಿಲ ಬಳಿ ತರಬೇಕೇನೋ ಎಂದುಕೊಂಡು ಅವನು ಅಭ್ಯಾಸಬಲದಿಂದ ಹೊರಗೆ ಓಡಿದ್ದನಂತೆ. ವಕೀಲರೇ ಹಿಂದೆ ಹೋಗಿ, "ಇನ್ನು ಇದು ನಿಮ್ಮದೇ ಕಣ್ರೀ, ಮನೆಗೆ ತಗೊಂಡು ಹೋಗಿ" ಎಂದು ಬಿಡಿಸಿ ಹೇಳಬೇಕಾಯಿತು.

ಆದರೆ ಮನೆಗೆ ತೆಗೆದುಕೊಂಡು ಹೋಗುವುದು ಎಲ್ಲಿಗೆ? ಅವನ ಓಣಿಯಲ್ಲಿ ಎರಡು ಸೈಕಲ್ ಎದುರುಬದುರಾದರೆ ಒಬ್ಬರು ಇಳಿಯಬೇಕು. ಇದೋ ಉದ್ದನೆಯ ಕಪ್ಪು ಕಾರು, ಬಾಗಿಲನ್ನು ಮೆಲ್ಲಗೆ ತಾಗಿಸಿದರೆ ಸಾಕು, ತಾನೇ ಒಳಕ್ಕೆ ಎಳೆದುಕೊಂಡು ಮುಚ್ಚಿಕೊಳ್ಳುವಂಥದ್ದು. ಕೊನೆಗೆ ಅದು ಊರಂಚಿನ ರೈಲ್ವೆ ಗೇಟಿನ ಹತ್ತಿರವಿದ್ದ ಅಳಿಯನ ಗ್ಯಾರೇಜಿಗೆ ಬಂದು ನಿಂತಿತು. ಅಳಿಯ ಮಾಡುತ್ತಿದ್ದುದು ಹೆಚ್ಚಾಗಿ ಸಣ್ಣ ಕಾರುಗಳ ಕೆಲಸ. ಮದುವೆಗೆ ಮೊದಲು ದೊಡ್ಡ ವರ್ಕ್‌ಶಾಪೊಂದರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ವಿಭಾಗದಲ್ಲಿದ್ದವನಾದ್ದರಿಂದ ಅವನಿಗೆ ಈ ಕಾರು ಹೊಸತೇನಾಗಿರಲಿಲ್ಲ.

"ಅಳಿಯಂದ್ರೇ, ಗೇರು ಎರಡರಿಂದ ಮೂರಕ್ಕೆ ಹೋಗುವಾಗ ಸಣ್ಣಗೆ ಒಂದು ಝಟಕಾ ಕೊಡುತ್ತೆ. ಡಿಗೆ ಹಾಕಿದ್ರೆ ಹೊರಡೋಕೆ ಸ್ವಲ್ಪ ಯೋಚನೆ ಮಾಡುತ್ತೆ. ಒಂಚೂರು ನೋಡಿ" ಎಂದ ಮಾವ, ಹಲ್ಲುನೋವಿನ ಮಗುವನ್ನು ವೈದ್ಯರಿಗೆ ಒಪ್ಪಿಸುವವನ ದನಿಯಲ್ಲಿ.

ನೋಡಿಸಲು ಅವನಿಗೊಂದು ಕಾರಣವಿತ್ತು. ಇಷ್ಟು ವರ್ಷಗಳಲ್ಲಿ ಅವನ ಹೆಂಡತಿ, ಅಂದರೆ ಅಳಿಯನ ಅತ್ತೆ, ಒಮ್ಮೆಯೂ ಆ ಕಾರಿನಲ್ಲಿ ಕೂತಿರಲಿಲ್ಲ. ಯಜಮಾನಿಯೇ ಎಷ್ಟೋ ಸಲ, "ಹೆಂಡತಿಯನ್ನ ಒಂದು ಸುತ್ತು ಕರ್ಕೊಂಡು ಹೋಗಪ್ಪ" ಎಂದಿದ್ದರು. ಬೇಡವೆಂದವನು ಅವನೇ. ನಾಳೆ ಯಾರಾದರೂ ಡ್ರೈವರು ಕಾರನ್ನು ಸ್ವಂತಕ್ಕೆ ಬಳಸುತ್ತಾನೆ ಎಂದುಬಿಟ್ಟರೆ ಎಂಬ ಅಳುಕು. ಈಗ ಯಾರ ಹಂಗೂ ಇರಲಿಲ್ಲ. ಗುಡ್ಡದ ಮೇಲಿನ ಜಲಾಶಯಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅತ್ತೆಗೆ ಮಾತು ಕೊಟ್ಟಿದ್ದ. ಅತ್ತೆ ಹೊಸ ಚಪ್ಪಲಿಯನ್ನೂ ತಂದಿಟ್ಟುಕೊಂಡಿದ್ದಳು.

ಅಳಿಯ ಕಾರನ್ನು ಲಿಫ್ಟಿಗೆ ಹತ್ತಿಸಿದ. ಈ ಗೇರ್‌ಬಾಕ್ಸಿಗೆ ಎಂಜಿನ್ನಿನ ಹಾಗೆ ಎಣ್ಣೆ ಅಳೆಯುವ ಕಡ್ಡಿ ಇರುವುದಿಲ್ಲ. ಕಾರು ಒಂದಿಷ್ಟೂ ಓರೆಯಾಗದೆ ಸಮನಾಗಿ ನಿಲ್ಲಬೇಕು, ಎಂಜಿನ್ ಓಡುತ್ತಿರಬೇಕು, ಎಣ್ಣೆ ಬೆಚ್ಚಗಾಗಿರಬೇಕು, ಹೆಚ್ಚು ಕಾಯಲೂ ಬಾರದು. ಅಷ್ಟಾದ ಮೇಲೆ ಪಕ್ಕದ ನಟ್ಟು ಬಿಚ್ಚಿದರೆ ಎಣ್ಣೆ ಸಣ್ಣ ದಾರದಂತೆ ಇಳಿಯಬೇಕು. ಇಳಿದರೆ ಮಟ್ಟ ಸರಿ. ಅಳಿಯ ಗಾರೆ ಕೆಲಸದವರ ರಸಮಟ್ಟವನ್ನು ಕಾರಿನಡಿ ಇಟ್ಟು ನೋಡಿದ. ಸ್ಕ್ಯಾನರ್ ಜೋಡಿಸಿ ಎಣ್ಣೆಯ ಬಿಸಿ ನೋಡಿದ. ಮೇಲೆ ಸೀಟಿನಲ್ಲಿ ಕೂತಿದ್ದ ಮಾವ ಅವನು ಹೇಳಿದಂತೆ ಬ್ರೇಕ್ ಒತ್ತಿಹಿಡಿದು ಗೇರನ್ನು ಕಾರು ನಿಲ್ಲಿಸುವ ಪಿಯಿಂದ ಆರ್‌ಗೆ, ಎನ್‌ಗೆ, ಮುಂದಕ್ಕೆ ಓಡಿಸುವ ಡಿಗೆ, ಮತ್ತೆ ಹಿಂದಕ್ಕೆ ನಿಧಾನವಾಗಿ ಸರಿಸಿದ.

ನಟ್ಟು ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲ.

ಅಳಿಯ ಎಂಜಿನ್ ಆರಿಸಲು ಹೇಳಿ, ಕೆಳಗಿನ ನಟ್ಟು ಸಡಿಲಿಸಿ ಒಂದು ಲೋಟದಷ್ಟು ಇಳಿಸಿಕೊಂಡ. ಕೆಂಪಗಿರಬೇಕಾಗಿದ್ದ ಎಣ್ಣೆ ಮಸಿಯ ಹಾಗಿತ್ತು. ಮೂಗಿಗೆ ಹಿಡಿದರೆ ಸೀದ ವಾಸನೆ. ಎರಡು ಬೆರಳ ನಡುವೆ ತಿಕ್ಕಿ ಬೆಳಕಿಗೆ ಒಡ್ಡಿದ. ಲೋಹದ ಪುಡಿ ಮಿಣಮಿಣ ಹೊಳೆಯಿತು.

"ಇದನ್ನ ಯಾವತ್ತೂ ಬದಲಾಯಿಸಿಲ್ವಾ ಮಾವ?"

"ಪ್ರತಿ ಸಲ ಕೇಳ್ತಿದ್ದೆ. ಇದು ಜೀವಮಾನಕ್ಕೆ ಸಾಕಾಗೋ ಎಣ್ಣೆ, ಮುಟ್ಟೋ ಹಾಗಿಲ್ಲ ಅಂತ ವರ್ಕ್‌ಶಾಪಿನವರು ಹೇಳ್ತಿದ್ರು. ಯಾಕೆ, ಏನಾಗಿದೆ?"

ಅಳಿಯ ಲೋಟವನ್ನು ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡ. ಒಂದನ್ನೊಂದು ಒತ್ತಿ ಹಿಡಿದು ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿದ್ದವು. ಅವು ಸವೆದು ಉದುರಿದ ಪುಡಿಯೇ ಎಣ್ಣೆಯಲ್ಲಿ ಸೇರಿ, ಅದರ ಒರಟುತನದಿಂದಲೇ ಪ್ಲೇಟುಗಳು ಹೇಗೋ ಒಂದನ್ನೊಂದು ಹಿಡಿದುಕೊಂಡಿರಬಹುದು. ನುಣ್ಣನೆಯ ಹೊಸ ಎಣ್ಣೆ ಹಾಕಿದರೆ ಆ ಹಿಡಿತವೂ ತಪ್ಪಬಹುದು. ಹಾಗೇ ಬಿಟ್ಟರೆ ಸುಟ್ಟ ಎಣ್ಣೆ ಉಳಿದಿದ್ದನ್ನೂ ತಿಂದುಹಾಕುತ್ತದೆ. ಇಷ್ಟನ್ನೂ ಅವನು ಬಿಡಿಸಿ ಹೇಳಿದ.

"ಅಂದ್ರೆ ಬದಲಾಯಿಸಿದ್ರೂ ಕಷ್ಟ, ಬಿಟ್ರೂ ಕಷ್ಟ ಅಂತೀರಾ?"

"ಹೌದು ಮಾವ."

"ನೀವೇನು ಮಾಡ್ತೀರಿ, ನಿಮ್ಮ ಕಾರಾಗಿದ್ರೆ?"

"ನಾನು... ಮಟ್ಟಕ್ಕೆ ಒಂದಿಷ್ಟು ಸೇರಿಸಿ, ಊರೊಳಗೆ ಮೆಲ್ಲಗೆ ಓಡಿಸ್ಕೊಂಡಿರ್ತಿದ್ದೆ. ಗುಡ್ಡಗಿಡ್ಡ ಹತ್ತಿಸ್ತಿರಲಿಲ್ಲ."

ಮಾವ ಲೋಟವನ್ನೆತ್ತಿ ಒಳಗೆ ಇಣುಕಿ, ಬೆರಳದ್ದಿ ಮೂಸಿದ. ಅವನು ಆ ಕಾರಿನ ಚಕ್ರದ ಸಂದಿಗಳನ್ನೂ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯುತ್ತಿದ್ದವನು. "ಇಂಥ ಹೊಲಸನ್ನ ಹೊಟ್ಟೇಲಿ ಇಟ್ಕೊಂಡು ಓಡ್ತಿದೆ ಅಂತ ಗೊತ್ತಾದ ಮೇಲೆ ನಾನು ಹೇಗೆ ಓಡಿಸ್ಲಿ?" ಎಂದ. ಲೋಟವನ್ನು ಮತ್ತೆ ಬೆಂಚಿನ ಮೇಲಿಟ್ಟು, "ನಿಮಗೆ ಬಿಟ್ಟಿದ್ದು. ನೀವು ಹೇಗೆ ಮಾಡಿದ್ರೂ ನಂಗೆ ಒಪ್ಪಿಗೆ" ಎಂದು ಬಸ್ಸು ಹತ್ತಿ ಮನೆಗೆ ಹೋದ.

ಆ ಕೊನೆಯ ಮಾತೇ ಅಳಿಯನಿಗೆ ಭಾರವಾಯಿತು. ಬೈದು, ಹಟ ಹಿಡಿದು, ಬದಲಾಯಿಸಲೇಬೇಕು ಎಂದಿದ್ದರೆ ಹಗುರವಾಗಿರುತ್ತಿತ್ತು. ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಅದನ್ನ ಮುಟ್ಟಲೇಬೇಡಿ. ಅಪ್ಪ ಏನೂ ಅನ್ನಲ್ಲ, ನಿಜ. ಆದ್ರೆ ಏನಾದ್ರೂ ಆದ್ರೆ ನೀವೇ ಕೊರಗ್ತೀರಿ. ನಿಮ್ಮನ್ನ ನಾನು ನೋಡಿಲ್ವಾ? ಯಾರದೋ ಸ್ಕೂಟರ್ ಸರಿಹೋಗ್ಲಿಲ್ಲ ಅಂತ ಊಟ ಬಿಟ್ಟವರು."

"ಮುಟ್ಟದೇ ಬಿಟ್ಟು ಕೆಟ್ಟರೆ?"

"ಆಗ ಅದು ತಾನಾಗೇ ಕೆಟ್ಟಿದ್ದು."

ಅವಳ ಮಾತು ಸರಿಯೆನಿಸಿ ಅವನು ಎರಡು ದಿನ ಸುಮ್ಮನಿದ್ದ. ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಗಂಡನಿಗೆ ಕೇಳಿಸಬಾರದೆಂದು ಅವಳು ಬಚ್ಚಲಮನೆಯಲ್ಲಿ ನಿಂತು ಮಾತಾಡುತ್ತಿರಬೇಕು, ದನಿ ಗೊಗ್ಗರಾಗಿ ಮೊಳಗುತ್ತಿತ್ತು.

"ಅಳಿಯಂದ್ರೇ, ಅದೇನೋ ಎಣ್ಣೆಯಂತಲ್ಲ, ಹಾಕಿಬಿಡಿ. ನಿಮ್ಮ ಮಾವ ಊಟಕ್ಕೆ ಕೂತಲ್ಲೂ ಅದೇ ಯೋಚನೆ. ಬೆರಳು ಮೂಸಿಕೊಳ್ತಾರೆ. ನಂಗೆ ಗುಡ್ಡವೂ ಬೇಡ, ಕೆರೆಯೂ ಬೇಡ. ಅವರು ನೆಟ್ಟಗಿದ್ರೆ ಸಾಕು."

ಅಡಕತ್ತರಿಯಲ್ಲಿ ಸಿಕ್ಕಂತಾಯಿತು ಅಳಿಯನಿಗೆ. ಕೊನೆಗೆ ಒಂದು ನಡುದಾರಿ ಹಿಡಿದ. ಯಂತ್ರ ಹಚ್ಚಿ ಒಳಗಿನದನ್ನೆಲ್ಲ ತೊಳೆದು ಹೊರಹಾಕುವುದು ಬೇಡ. ತಳದ ತಟ್ಟೆಯಲ್ಲಿರುವಷ್ಟನ್ನು ಮಾತ್ರ ಇಳಿಸಿ, ಫಿಲ್ಟರ್ ಬದಲಾಯಿಸಿ, ಅಷ್ಟೇ ಹೊಸತು ತುಂಬುವುದು. ಹಳೆಯದೂ ಅರ್ಧ ಉಳಿಯಿತು, ಹೊಸದೂ ಅರ್ಧ ಸೇರಿತು.

ಆ ಕೆಲಸವನ್ನು ಅವನು ಮಾಡಿದ ರೀತಿಯಲ್ಲಿ ಯಾರಿಗೂ ಒಂದು ಕೊರತೆಯನ್ನೂ ಹುಡುಕಲಾಗುತ್ತಿರಲಿಲ್ಲ. ಆ ಗೇರ್‌ಬಾಕ್ಸಿಗೇ ಹೇಳಿ ಮಾಡಿಸಿದ ಎಣ್ಣೆಯನ್ನೇ ತರಿಸಿದ. ತಟ್ಟೆ ಬಿಚ್ಚಿದಾಗ ಒಳಗಿನ ಆಯಸ್ಕಾಂತಗಳ ಮೇಲೆ ಬೂದುಬಣ್ಣದ ಮೆತ್ತೆ ಕೂತಿತ್ತು. ಅಷ್ಟು ಎಲ್ಲ ಗಾಡಿಗಳಲ್ಲೂ ಇರುತ್ತದೆ. ಅದರ ನಡುವೆ ಕತ್ತರಿಸಿದ ಉಗುರಿನಂಥ ಲೋಹದ ಚೂರುಗಳಿದ್ದವು, ಅವು ಇರಬಾರದು. ಮಾವನಿಗೆ ಕಾಣದಂತೆ ಒರೆಸಿಬಿಡೋಣವೆನಿಸಿತು. ಆದರೆ ಮಾವ ಪಕ್ಕದಲ್ಲೇ ಬಗ್ಗಿ ನಿಂತಿದ್ದ, ಟಾರ್ಚ್ ಹಿಡಿದಿದ್ದವನೂ ಅವನೇ. ಇಬ್ಬರೂ ನೋಡಿದರು. ಅಳಿಯ ಬಟ್ಟೆ ತೆಗೆದುಕೊಂಡು ಒರೆಸಿದ.

ಎಣ್ಣೆ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಬಿಗಿದು, ಎಣ್ಣೆ ತುಂಬಿ, ಎಂಜಿನ್ ಓಡಿಸಿ, ಮತ್ತೆ ಬಿಸಿ ನೋಡಿ ಪಕ್ಕದ ನಟ್ಟು ಬಿಚ್ಚಿದಾಗ ಎಣ್ಣೆ ಸಣ್ಣ ದಾರದಂತೆ ಇಳಿಯಿತು. ಬಣ್ಣವೂ ಎಷ್ಟೋ ತಿಳಿಯಾಗಿತ್ತು. ಮಾವ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದ. ಕಿಟಕಿ ಇಳಿಸಿದವನ ಮುಖ ಅರಳಿತ್ತು.

"ಝಟಕಾನೇ ಇಲ್ಲ! ಬೆಣ್ಣೆ ಇದ್ದಂಗಿದೆ ಅಳಿಯಂದ್ರೇ, ಬೆಣ್ಣೆ!"

ಅಳಿಯನೂ ಓಡಿಸಿ ನೋಡಿದ. ನಿಜವಾಗಿಯೂ ಗೇರು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಇನ್ನಷ್ಟು ದಿನ ಊರೊಳಗೇ ಓಡಿಸಿ ಎಂದು ಅವನು ಹೇಳಿದ. ಮಾವ ತಲೆಯಾಡಿಸಿದ. ಹಾಗೇ ಒಂದು ವಾರ ಓಡಿಸಿದ. ಕಾರು ಚಕಾರ ಎತ್ತಲಿಲ್ಲ. ಮುಂದಿನ ರಜಾದಿನ ಬೆಳಿಗ್ಗೆ ಎಲ್ಲರೂ ಗುಡ್ಡಕ್ಕೆ ಹೊರಡುವುದೆಂದು ಮಾವ ತೀರ್ಮಾನಿಸಿದಾಗ, ಬೇಡವೆನ್ನಲು ಅಳಿಯನ ಬಳಿ ಗಟ್ಟಿ ಕಾರಣವೇ ಉಳಿದಿರಲಿಲ್ಲ. ಬರಿಯ ಭಯವಿತ್ತು. ಭಯವನ್ನು ಹೇಗೆ ತೋರಿಸುವುದು? ಅದು ಲೋಟಕ್ಕೆ ಇಳಿಸಿ ತೋರಿಸುವಂಥದ್ದಲ್ಲ.

ಹೊರಡುವ ಮೊದಲು ಒಂದು ಜಗಳವಾಯಿತು. ಮಾವ ಹಿಂದಿನ ಎಡಬಾಗಿಲು ತೆರೆದು, ಬೆನ್ನು ನೆಟ್ಟಗೆ ಮಾಡಿ ನಿಂತ. ಅತ್ತೆ ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತಳು.

"ಇಲ್ಲಿ ಕೂತ್ಕೋ. ಯಜಮಾನಿಯವರು ಕೂರ್ತಿದ್ದ ಜಾಗ. ಕಾಲು ಚಾಚ್ಕೋಬಹುದು."

"ಹಿಂದೆ ಕೂತು ನಿಮ್ಮ ಬೋಳುತಲೆ ನೋಡ್ಕೊಂಡು ಹೋಗ್ಲಾ? ನಾನು ಮುಂದೇನೇ."

"ಅಮ್ಮ, ಅಪ್ಪನ ಆಸೆ ಅದು" ಎಂದಳು ಮಗಳು.

"ನನ್ನ ಆಸೆ ಇದು" ಎಂದು ಅತ್ತೆ ಹತ್ತಿ ಕೂತೇಬಿಟ್ಟಳು. ಮಗಳೂ ಅಳಿಯನೂ ಹಿಂದೆ ಕೂತರು. ಊರು ದಾಟುವವರೆಗೂ ಅತ್ತೆ ಒಂದೊಂದು ಗುಂಡಿಯನ್ನೂ ಒತ್ತಿ, ಇದೇನು, ಅದೇನು ಎಂದು ಕೇಳಿದಳು. ಸೀಟು ಬಿಸಿಯಾದಾಗ "ಅಯ್ಯೋ, ಬೆಂಕಿ!" ಎಂದು ಹಾರಿ ಎದ್ದಳು. ಎಲ್ಲರೂ ನಕ್ಕರು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಏರು ಶುರುವಾದ ಮೇಲೆ ಅಳಿಯ ನಗುವುದನ್ನು ನಿಲ್ಲಿಸಿದ. ಅವನ ಕಿವಿಯೆಲ್ಲ ಕಾರಿನ ಅಡಿಯಲ್ಲಿತ್ತು. ಮೊದಲ ತಿರುವು ಚೆನ್ನಾಗಿ ದಾಟಿತು. ಎರಡನೆಯದೂ. ಮೂರನೆಯದು ಕಡಿದಾಗಿತ್ತು. ಅಲ್ಲಿ ಎಂಜಿನ್ನಿನ ದನಿ ಏರಿತು, ಕಾರಿನ ವೇಗ ಏರಲಿಲ್ಲ. ಉಳಿದವರಿಗೆ ಅದು ತಿಳಿಯಲಿಲ್ಲ. ಅತ್ತೆ ಕೆಳಗಿನ ಬಯಲನ್ನು ಮಗಳಿಗೆ ತೋರಿಸುತ್ತಿದ್ದಳು. ಅಳಿಯನಿಗೆ ತಿಳಿಯಿತು. ಮಾವನಿಗೂ ತಿಳಿಯಿತು: ಕನ್ನಡಿಯಲ್ಲಿ ಅವನ ಕಣ್ಣು ಅಳಿಯನ ಕಣ್ಣನ್ನು ಹುಡುಕಿತು.

"ಕಾಲು ತೆಗೀರಿ ಮಾವ, ಒತ್ತಬೇಡಿ. ಪಕ್ಕಕ್ಕೆ ತಗೊಳ್ಳಿ."

ಪಕ್ಕಕ್ಕೆ ತೆಗೆದುಕೊಳ್ಳಲು ಜಾಗವಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆ. ಕಾರು ತೆವಳಿತು, ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಮಾವ ಬ್ರೇಕ್ ಒತ್ತಿದ. ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಹಿಂದೆ ಲಾರಿಯೊಂದು, ಅದರ ಹಿಂದೆ ಕಾರುಗಳ ಸಾಲು. ಹಾರನ್ನುಗಳು ಕಿವಿ ತೂತು ಮಾಡಿದವು. ಅತ್ತೆ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ತಾನು ಬಿಟ್ಟರೆ ಕಾರು ಬಿದ್ದೇಹೋಗುತ್ತದೆ ಎಂಬಂತೆ.

ಅಳಿಯ ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಬಾನೆಟ್ಟಿನ ಸಂದಿಯಿಂದ ಅದೇ ಸೀದ ವಾಸನೆ ಬರುತ್ತಿತ್ತು. ಕೆಳಗೆ ಬಗ್ಗಿ ನೋಡಿದ. ಸೋರಿಕೆಯಿಲ್ಲ, ಒಂದು ನಟ್ಟೂ ಸಡಿಲವಾಗಿಲ್ಲ. ತನ್ನ ಕೈಕೆಲಸದಲ್ಲಿ ಏನಾದರೂ ತಪ್ಪಿದ್ದಿದ್ದರೆ ಒಳ್ಳೆಯದಿತ್ತು, ಈಗಲೇ ಸರಿಮಾಡಬಹುದಿತ್ತು ಎನಿಸಿತು. ಅವನ ಜೇಬಿನಲ್ಲಿ ಸ್ಪಾನರುಗಳಿದ್ದವು. ಡಿಕ್ಕಿಯಲ್ಲಿ ಮಿಕ್ಕ ಎಣ್ಣೆಯೂ ಇತ್ತು. ಯಾವುದರಿಂದಲೂ ಏನೂ ಆಗುವಂತಿರಲಿಲ್ಲ.

ಮಾವ ಸೀಟಿನಲ್ಲೇ ಕೂತು ಗೇರನ್ನು ಪಿಗೆ ಹಾಕುತ್ತಿದ್ದ, ಡಿಗೆ ಹಾಕುತ್ತಿದ್ದ, ಮತ್ತೆ ಪಿಗೆ, ಮತ್ತೆ ಡಿಗೆ. ಎಂಜಿನ್ ಗೊರಗೊರ ಎಂದು ಸುಮ್ಮನಾಗುತ್ತಿತ್ತು.

"ಮಾವ, ಬಿಡಿ."

"ಇನ್ನೊಂದ್ಸಲ. ಬಿಸಿ ಇಳಿದ್ರೆ ಹಿಡ್ಕೊಳ್ಳುತ್ತೇನೋ."

"ಹಿಡಿಯಲ್ಲ ಮಾವ. ಬಿಡಿ."

ಅವನು ಬಿಟ್ಟ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಎದುರಿನ ಗಾಜನ್ನು ನೋಡುತ್ತ ಕೂತ. ಲಾರಿಯವನು ಇಳಿದು ಬಂದು, "ಇಷ್ಟು ದೊಡ್ಡ ಕಾರು, ಮೇಂಟೇನ್ ಮಾಡಕ್ಕಾಗಲ್ವಾ?" ಎಂದು ಬೈದ. ಮಾವ ತಿರುಗಿಯೂ ನೋಡಲಿಲ್ಲ. ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿರಲಿಲ್ಲ. ಇಡೀ ಕಾರನ್ನು ಹೊತ್ತೊಯ್ಯುವ ಗಾಡಿಯೇ ಬರಬೇಕಿತ್ತು. ಅದು ಬರುವವರೆಗೆ ತಡೆಗೋಡೆಯ ಮೇಲೆ ನಾಲ್ವರೂ ಸಾಲಾಗಿ ಕೂತಿದ್ದರು. ಜಲಾಶಯ ಇನ್ನು ಸ್ವಲ್ಪ ದೂರದಲ್ಲೇ ಇದೆ, ಬೇಕಿದ್ದರೆ ನಡೆದು ಹೋಗಿ ಬನ್ನಿ ಎಂದು ದಾರಿಹೋಕನೊಬ್ಬ ಹೇಳಿದ. ಅತ್ತೆ ಬೇಡವೆಂದಳು. ತಂದಿದ್ದ ಬ್ರೆಡ್ಡನ್ನು ಎಲ್ಲರಿಗೂ ಕೊಟ್ಟಳು; ಯಾರೂ ತಿನ್ನಲಿಲ್ಲ.

ಹೆಂಡತಿ "ನಾನು ಮೊದಲೇ ಹೇಳಿದ್ದೆ" ಎಂದು ಒಂದು ಸಲವಾದರೂ ಅನ್ನಲಿಲ್ಲ. ಅಂದಿದ್ದರೆ ಅಳಿಯ ವಾದಿಸಬಹುದಿತ್ತು.

ಮುಂದಿನ ವಾರಗಳಲ್ಲಿ ಅವನು ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ. ಪ್ಲೇಟುಗಳು ಸುಟ್ಟು ಕರಕಲಾಗಿದ್ದವು, ಅವು ಕೂತಿದ್ದ ಡಬ್ಬಿಯೂ ಸೀಳಿಹೋಗಿತ್ತು. ಹೊಸತು ಹಾಕಿಸುವುದು ಅವರ ಶಕ್ತಿಗೆ ಮೀರಿದ ಮಾತು. ಹಳೆಯದಕ್ಕಾಗಿ ಅವನು ಗುಜರಿಗಳನ್ನೆಲ್ಲ ಅಲೆದ, ತನ್ನ ಹಳೆಯ ವರ್ಕ್‌ಶಾಪಿನವರನ್ನು ಕೇಳಿದ. ಸಿಗಲಿಲ್ಲ. ನೆಂಟರು ವಿಚಾರಿಸಿದರೆ ಮಾವ, "ನಮ್ಮ ಅಳಿಯಂದ್ರು ಸರಿಯಾಗೇ ಮಾಡಿದ್ರು, ಕಾರಿಗೇ ವಯಸ್ಸಾಗಿತ್ತು" ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಳಿಯನಿಗೆ ನೆಲದೊಳಗೆ ಇಳಿದುಹೋಗಬೇಕೆನಿಸುತ್ತಿತ್ತು.

ಕೊನೆಗೆ ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವವನಿಗೆ ಕೊಡುವುದೆಂದಾಯಿತು. ಒಯ್ಯುವ ಗಾಡಿ ಬರುವ ಮೊದಲು ಮಾವ ಕಾರನ್ನು ತೊಳೆದ, ಚಕ್ರದ ಸಂದಿಗಳನ್ನೂ. ಅಳಿಯ ಬಕೆಟ್ ಹಿಡಿದು ನಿಂತಿದ್ದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ಮಾವ, ಬಟ್ಟೆ ಹಿಂಡುತ್ತ. "ಆ ಎಣ್ಣೆ ಹಾಗೇ ಬಿಟ್ಟಿದ್ರೆ, ಅವತ್ತು ಮೇಲಿನ ತನಕ ಹತ್ತುತ್ತಿತ್ತಾ?"

ಅಳಿಯ ಬಕೆಟ್ ಕೆಳಗಿಟ್ಟ. ಹತ್ತುತ್ತಿರಲಿಲ್ಲ ಎಂದರೆ ಇಬ್ಬರಿಗೂ ಸಮಾಧಾನ. ಆದರೆ ಹಾಗೆನ್ನಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಮಾವ. ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ."

ಮಾವ ತಲೆಯಾಡಿಸಿದ. "ಹೋಗ್ಲಿ ಬಿಡಿ" ಎಂದ. ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದ, ಅದರಲ್ಲಿ ನೀರೇ ಇರಲಿಲ್ಲ.

ಗಾಡಿಯವನು ಬಂದು ಕಬ್ಬಿಣದ ಹಲಗೆಗಳನ್ನು ಇಳಿಸಿ ಕೊಕ್ಕೆ ಸಿಕ್ಕಿಸಿದ. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕೆಂದಾಗ ಅಳಿಯ ಮುಂದೆ ಹೋದ. ಮಾವ ಅವನ ತೋಳು ಹಿಡಿದು ಸರಿಸಿ ತಾನೇ ಹತ್ತಿ ಕೂತ. ತಂತಿ ಎಳೆಯತೊಡಗಿತು. ಅವನು ಕನ್ನಡಿ ಸರಿಮಾಡಿಕೊಂಡು, ಎಡಕ್ಕೆ ಬಲಕ್ಕೆ ನೋಡಿಕೊಂಡು, ಕಾರು ಒಂದಿಷ್ಟೂ ಓರೆಯಾಗದಂತೆ ಮೇಲಕ್ಕೆ ತೆಗೆದುಕೊಂಡು ಹೋದ. ಇಳಿಯುವಾಗ ಎತ್ತರ ಹೆಚ್ಚಾಗಿ ತಡವರಿಸಿದ. ಅಳಿಯ ಕೈ ಕೊಟ್ಟು ಇಳಿಸಿಕೊಂಡ.

ಗಾಡಿ ಮರೆಯಾದ ಮೇಲೆ ಅಳಿಯ ಷಟರ್ ಎಳೆದು, "ನಾನೂ ಮನೆ ತನಕ ಬರ್ತೀನಿ ಮಾವ" ಎಂದ. ಇಬ್ಬರೂ ಬಸ್ಸು ಹತ್ತಿದರು. ಅತ್ತೆಯ ಮಂಡಿನೋವಿನ ವಿಷಯ ಮಾತಾಡಿದರು. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಮಾವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅಳಿಯ ಅದನ್ನು ನೋಡಿಯೂ ನೋಡದವನಂತೆ ಕಿಟಕಿಯ ಕಡೆ ತಿರುಗಿ ಕೂತ.