ಹದಿನೇಳು ಸೆಕೆಂಡು ಮಂಚಮ್ಮನ ದನಿ

ಕಬ್ಬಿನ ಸೋಗೆ ಕಿಟಕಿಯೊಳಗೆ ನುಗ್ಗಿ ಇಫ್ಫತ್‌ಳ ಎಡಗೆನ್ನೆಗೆ ಒಂದು ಬಾರಿಸಿ ಹೋಯಿತು, ಹೇರು ಹೊತ್ತ ಟ್ರಾಕ್ಟರಿನಿಂದ ಜೋತಾಡುತ್ತಿದ್ದದ್ದು, ಬಸ್ಸು ಅದನ್ನು ಹಿಂದೆ ಹಾಕುವ ಗಡಿಬಿಡಿಯಲ್ಲಿ — ಬೀಳಲಿ, ಬಲಗೆನ್ನೆಯೂ ಖಾಲಿಯೇ ಇದೆ ಅಂದುಕೊಂಡಳು, ಇವತ್ತು ಯಾರು ಹೊಡೆದರೂ ಸರಿಯೇ, ಶ್ರೀರಂಗಪಟ್ಟಣದಲ್ಲಿ ಹತ್ತಿದಾಗಿನಿಂದ ಒಂದೇ ವಾಕ್ಯವನ್ನು ಕಲ್ಲುಸಕ್ಕರೆ ಹಾಗೆ ಬಾಯೊಳಗೆ ಉರುಳಿಸುತ್ತಿದ್ದಾಳೆ, ಅದು ಕರಗುತ್ತಲೂ ಇಲ್ಲ, ಸಿಹಿಯೂ ಇಲ್ಲ, ಮಂಚಜ್ಜಿ, ಅವತ್ತು ಗ್ರೂಪಿಗೆ ಹೋದ ದನಿ ನಿಮ್ಮದಲ್ಲ, ನಂದು, ಏಳೇ ಪದ, ಪಾಂಡವಪುರ ಬಂತು ಹೋಯಿತು, ಚಿನಕುರಳಿಯೂ ಬಂತು, ವಾಕ್ಯ ಮಾತ್ರ ಹಲ್ಲಿನ ಹಿಂದೆಯೇ ಕೂತಿದೆ. ಹೊಸದಾಗಿ ಹತ್ತಿದ ಹೆಂಗಸರ ಹತ್ತಿರ ಕಂಡಕ್ಟರ್ ಆಧಾರ್ ಆಧಾರ್ ಅನ್ನುತ್ತಿದ್ದಾನೆ, ಮೂಗಿನಲ್ಲಿ, ಎರಡನೇ ಅಕ್ಷರ ಎಳೆದು, ಅವಳ ನಾಲಿಗೆ ತನ್ನಷ್ಟಕ್ಕೆ ತಾನೇ ಅದನ್ನು ಹಿಡಿದುಬಿಟ್ಟಿತು, ಆಧಾಆಆರ್, ಪಕ್ಕದ ಹೆಂಗಸು ಕಂಡಕ್ಟರೇ ಕೇಳಿದನೆಂದು ಬೆಚ್ಚಿ ಚೀಲಕ್ಕೆ ಕೈ ಹಾಕಿದಳು — ಥೂ, ಇವತ್ತೊಂದು ದಿನವಾದರೂ ಸುಮ್ಮನಿರಬಾರದೇ, ಕಿತ್ತಾ ಬೋಲೂಂ ತೇರೆಕು, ಲೋಗಾಂಕಿ ನಕಲ್ ನಕ್ಕೊ ಕರ್ ಅಂತ ಅಮ್ಮೀ ಎಷ್ಟು ಸಲ ಬೈದಿಲ್ಲ, ಮಂದಿಯ ದನಿ ಕದೀಬೇಡ ಅಂತ, ಈಗ ನೋಡು, ಬಸ್ಸಿನಲ್ಲಿ ಎಲ್ಲ ಹೆಂಗಸರ ಹತ್ತಿರವೂ ಆಧಾರ್ ಇದೆ, ತಾನು ಮಾಡಿದ್ದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಹನ್ನೊಂದಕ್ಕೆ ಮೀಟಿಂಗು. ಹನ್ನೊಂದಕ್ಕೆ ಮಂಚಮ್ಮ, ಬಿದರಕೊಪ್ಪಲಿನ ಮಹಿಳಾ ಡೈರಿಯ ಅಧ್ಯಕ್ಷೆ, ಅರವತ್ತೆಂಟರ ಮುದುಕಿ, ಒಂಬತ್ತು ವರ್ಷ ಕೂತ ಕುರ್ಚಿಯಿಂದ ಎದ್ದು, ನಂಗೆ ಮರೆವು ಬಂದೈತೆ, ಬ್ಯಾರೇರ್ನ ನೋಡ್ಕಳಿ ಅನ್ನಲಿದ್ದಾಳೆ, ಮರೆವು ಬಂದಿಲ್ಲ, ಅದನ್ನು ತಂದಿಟ್ಟವಳು ಈ ಕಿಟಕಿಯ ಪಕ್ಕ ಕೂತಿದ್ದಾಳೆ, ಎಂ.ಎ. ಎರಡನೇ ವರ್ಷ, ಡಿಜಿಟಲ್ ತಂತ್ರಜ್ಞಾನ ಮತ್ತು ಸಮಾಜ, ಹೆಸರು ಕೇಳಿದರೆ ಸಮಾಜವನ್ನೇ ರಿಪೇರಿ ಮಾಡಿ ಕೊಡುವವಳ ಹಾಗೆ, ರಿಪೇರಿಗೆ ಹೋದವಳು ಒಂದು ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದಿದ್ದಾಳೆ.

ಮೊದಲ ದಿನ ಡೈರಿಗೆ ಹೋದಾಗ ಏನಮ್ಮಿ ನಿನ್ ಎಸ್ರು ಅಂದಿದ್ದಳು ಮಂಚಮ್ಮ, ಇಫ್ಫತ್ ಅಂದರೆ, ಇಪ್ಪತ್ತಾ, ಇಪ್ಪತ್ತು ಅಂತ ಎಸ್ರು ಇಡ್ತಾರಾ, ಮಿಕ್ಕ ಅತ್ತೊಂಬತ್ತು ಜನ ಎಲ್ಲವ್ರೆ ಅಂತ ನಕ್ಕು, ಅವತ್ತಿಂದ ಇಡೀ ಊರಿಗೆ ಅವಳು ಇಪ್ಪತ್ತು, ಇಪ್ಪತ್ತಕ್ಕೆ ಇಪ್ಪತ್ಮೂರು ವರ್ಷ ಅಂದರೂ ಯಾರೂ ಬದಲಾಯಿಸಲಿಲ್ಲ. ಮುಂಚೆ ಡೈರಿಯ ನೋಟೀಸು ಗೋಡೆಯ ಮೇಲೆ, ಓದುವವರು ಗಂಡಸರು, ಮನೆಗೆ ಹೋಗಿ ಹೆಂಡಿರಿಗೆ ಹೇಳುವುದು ತಮಗೆ ಎಷ್ಟು ಬೇಕೋ ಅಷ್ಟು, ಆಮೇಲೆ ವಾಟ್ಸಾಪ್ ಗ್ರೂಪು ಬಂತು, ಕಾರ್ಯದರ್ಶಿ ಅನು ಎಲ್ಲಾ ಸದಸ್ಯರ ಗಮನಕ್ಕೆ ಅಂತ ಬೆರಳು ಸವೆಯುವಷ್ಟು ಟೈಪು ಮಾಡುತ್ತಿದ್ದಳು, ನಲವತ್ತಮೂರು ಸದಸ್ಯೆಯರಲ್ಲಿ ಗಮನ ಕೊಟ್ಟವರು ನಾಲ್ಕು, ಒಂದು ದಿನ ಸಾಕಾಗಿ ಫೋನನ್ನು ಅಧ್ಯಕ್ಷೆಯ ಬಾಯಿಗೆ ಹಿಡಿದು ನೀವೇ ಹೇಳಿ ಅಂದಳಂತೆ, ಅಕ್ಷರ ಕಲಿಯದ ಮಂಚಮ್ಮ ಮೈಕಿನ ಗುರುತಿನ ಮೇಲೆ ಹೆಬ್ಬೆರಳು ಒತ್ತಿದಳು, ಅಷ್ಟೇ, ಅಲ್ಲಿಂದ ಈಚೆಗೆ ಊರಿನ ಹೆಂಗಸರು ಆ ಹೆಬ್ಬೆರಳು ಎದ್ದಾಗ ಏಳುತ್ತಾರೆ. ಎಂ.ಎ. ಪ್ರಬಂಧಕ್ಕೆ ಇದನ್ನೇ ಬರೆಯುತ್ತೇನೆ ಅಂದಾಗ ಗೈಡ್ ತಿಮ್ಮರಾಜು ಸರ್ ಕನ್ನಡಕ ಹಣೆಗೇರಿಸಿದ್ದರು, ಒಳ್ಳೇದಮ್ಮ, ಆದರೆ ನೆನಪಿರಲಿ, ನಾವು ನೋಡೋಕೆ ಹೋಗೋರು, ಅಲ್ಲಾಡಿಸೋಕಲ್ಲ — ಸರ್ ಪ್ರತಿ ಅಲ್ಪವಿರಾಮಕ್ಕೂ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಹಾಸ್ಟೆಲಿನಲ್ಲಿ ಅವಳು ಅದನ್ನು ಮಾಡಿದರೆ ಹುಡುಗಿಯರು ಮಂಚದಿಂದ ಬೀಳುತ್ತಾರೆ, ಬಿದ್ದು ನಗುತ್ತಾರೆ. ಮೂರು ತಿಂಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿ ಮಂಚಮ್ಮನ ನೂರ ಹನ್ನೆರಡು ದನಿಗಳನ್ನು ಬರೆದುಕೊಂಡಳು, ಮೊದಲಿಗೊಂದು ಕೆಮ್ಮು, ಕಾಯಿಲೆಯದಲ್ಲ, ಅಧಿಕಾರದ್ದು, ಆಮೇಲೆ ಕೇಳ್ರವ್ವಾ, ವಾ ಮುಗಿಯುವಲ್ಲಿ ದನಿ ನೆಲಕ್ಕೆ ಬಿದ್ದು ಮತ್ತೆ ಎದ್ದು ನಿಲ್ಲುತ್ತದೆ, ನಾಗಮಂಗಲದ ಹೊಣಕೆರೆ ಕಡೆಯ ಹೆಣ್ಣು, ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಆ ಬಿದ್ದೇಳುವ ರಾಗ ಬಿಟ್ಟಿಲ್ಲ, ಕೊನೆಗೆ ಆಯ್ತಾ, ಅದು ಪ್ರಶ್ನೆಯಲ್ಲ, ಬೀಗ. ಕಿವಿಯಲ್ಲಿ ಇಳಿದದ್ದು ಗಂಟಲಿನಲ್ಲಿ ಯಾವಾಗ ಹತ್ತಿತೋ ಅವಳಿಗೇ ತಿಳಿಯದು, ಆ ಸಂಜೆ ಪೋನು ತುಂಬೋಗೈತಂತೆ ಕಣಮ್ಮಿ, ಒಸಿ ಖಾಲಿ ಮಾಡಿಕೊಡು ಅಂತ ಕೈಗೆ ಕೊಟ್ಟು ಮುದುಕಿ ಹಸು ಕಟ್ಟಲು ಹಿತ್ತಿಲಿಗೆ ಹೋದಳು, ಜಗುಲಿಯ ಮೇಲೆ ಅವಳೊಬ್ಬಳೇ, ಗ್ರೂಪು ತೆರೆದೇ ಇದೆ, ಹೆಬ್ಬೆರಳು ಮೈಕಿನ ಮೇಲೆ — ಕೆಮ್ಮಿದಳು, ಕೇಳ್ರವ್ವಾ, ನಾಳೆ ಬೆಳಿಗ್ಗೆ ಯಾರೂ ಡೈರಿ ತಾವ ಬರಬ್ಯಾಡಿ, ಗಂಡಸ್ರೇ ಆಲು ಕರೀಲಿ, ಗಂಡಸ್ರೇ ಒತ್ಕಂಡು ಬರ್ಲಿ, ನೀವು ಬೆಚ್ಚಗೆ ಮಲಿಕ್ಕಳಿ, ಆಯ್ತಾ, ಹದಿನೇಳು ಸೆಕೆಂಡು, ಬೆರಳು ಎತ್ತಿದಳು, ಹೋಯಿತು. ಕೇಳಿ ನಕ್ಕು, ಇದು ಇಪ್ಪತ್ತಿನ ಕೆಲ್ಸ ಅಂತ ಕಂಡುಹಿಡಿದು ಬೈಯುತ್ತಾರೆ ಅಂದುಕೊಂಡಿದ್ದಳು, ಅಳಿಸೋಣವೆಂದು ಬೆರಳು ಇಡುವಷ್ಟರಲ್ಲಿ ಕುಳ್ಳಮ್ಮನ ದನಿ ಬಂತು, ಆಯ್ತು ಕಣಕ್ಕಾ, ಇನ್ನೊಬ್ಬಳದು, ಆಯ್ತಕ್ಕಾ, ಆಯ್ತಕ್ಕಾ ಆಯ್ತಕ್ಕಾ, ಸಾಲಾಗಿ, ಯಾರೂ ನಗಲಿಲ್ಲ, ಹಿತ್ತಿಲಿನಿಂದ ಮುದುಕಿಯ ಹೆಜ್ಜೆ, ಕೊನೆಯ ಬಸ್ಸಿನ ಹಾರನ್ನು, ಫೋನು ಕೊಟ್ಟು ಓಡಿಬಿಟ್ಟಳು.

ಮಾರನೇ ಬೆಳಿಗ್ಗೆ ಅನು ಕಳಿಸಿದ ಫೋಟೋ, ಮಹಿಳಾ ಡೈರಿಯ ಮುಂದೆ ಮಹಿಳೆಯೇ ಇಲ್ಲ, ಮೀಸೆಗಳ ಸಾಲು, ಒಬ್ಬನ ಕ್ಯಾನಿಗೆ ಮುಚ್ಚಳವಿಲ್ಲ, ಒಬ್ಬನಿಗೆ ಹೆಂಡತಿಯ ಸದಸ್ಯ ನಂಬರು ಗೊತ್ತಿಲ್ಲ, ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿರುವ ಮನೆ, ನಂಬರು ಕೇಳಿದರೆ ಮೊಬೈಲ್ ನಂಬರು ಹೇಳುತ್ತಾನೆ, ಮಧ್ಯದಲ್ಲಿ ಕುಳ್ಳಮ್ಮನ ಗಂಡ ನಂಜಪ್ಪ, ತಲೆಯಿಂದ ಮೊಣಕಾಲಿನವರೆಗೆ ಹೆಂಡತಿಯ ಹಸಿರು ಸೀರೆ ಸುತ್ತಿಕೊಂಡು, ಹಸು ಅವಳ ವಾಸನೆ ಇಲ್ಲದೆ ಹಾಲು ಬಿಡುವುದಿಲ್ಲವಂತೆ, ಸೀರೆ ಹೊದ್ದು ಕರೆದಿದ್ದಾನೆ, ಬಿಚ್ಚುವುದನ್ನು ಮರೆತು ಹಾಗೇ ಬೀದಿ ದಾಟಿ ಬಂದಿದ್ದಾನೆ — ಇಫ್ಫತ್ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು, ನಕ್ಕು ಎದ್ದು ಹೋಗಿ ಬರೆದಳು, ಅದೇ ತಪ್ಪು, ಚೇಷ್ಟೆಗಿಂತ ದೊಡ್ಡ ತಪ್ಪು, ನಾಲ್ಕನೇ ಅಧ್ಯಾಯ, ಒಬ್ಬ ಅನಕ್ಷರಸ್ಥ ಮಹಿಳೆಯ ದನಿಗೆ ನಲವತ್ತಮೂರು ಮನೆಗಳ ಕೆಲಸದ ಹಂಚಿಕೆಯೇ ಒಂದು ಬೆಳಗಿನ ಮಟ್ಟಿಗೆ ತಿರುಗಿತು ಅಂತ, ಮಂಚಮ್ಮನೇ ಹೇಳಿದಳೆನ್ನುವ ಹಾಗೆ, ತಾನು ಅಲ್ಲಿ ಇರಲೇ ಇಲ್ಲವೆನ್ನುವ ಹಾಗೆ, ಸರ್ ಓದಿ ಗಂಟಲು ಸರಿಮಾಡಿಕೊಂಡು ಇದು ನೋಡಮ್ಮ ಫೀಲ್ಡ್‌ವರ್ಕು ಅಂದರು. ಹತ್ತು ದಿನ ಹಾರಾಡಿದಳು. ನಿನ್ನೆ ಅನುವಿನ ಫೋನು, ಇಫ್ಫತ್, ಅಧ್ಯಕ್ಷರು ನಾಳೆ ಬುಟ್ಬುಡ್ತಾರಂತೆ ಕಣೆ, ಯಾಕೆ ಗೊತ್ತಾ, ಆವತ್ತು ಗಂಡಸ್ರು ಬಂದಾಗ ಅಧ್ಯಕ್ಷರಿಗೆ ಏನೂ ಗೊತ್ತೇ ಇರ್ಲಿಲ್ಲ, ನೀನೇ ಯೋಳ್ದೆಯಲ್ಲಜ್ಜಿ ಅಂತ ನಂಜಪ್ಪ ಕೇಳಿಸ್ದ, ಮೂರು ಸಲ ಕಿವಿಗಿಟ್ಕೊಂಡು ಕೇಳುದ್ರು, ಆಮೇಲೆ ಊಂ ನಾನೇ ಯೋಳಿದ್ದು ಅಂತ ಗಟ್ಟಿಯಾಗಿ ಅಂದ್ಬುಟ್ರು, ಈಗ ನನ್ ಮುಂದೆ ಅಳ್ತಾವ್ರೆ, ದನಿ ನಂದೇ ಕಣವ್ವ, ಯೋಳಿದ್ದು ಮಾತ್ರ ಗ್ಯಾನ ಇಲ್ಲ, ನಮ್ಮವ್ವಂಗೂ ಇಂಗೇ ಸುರುವಾಯ್ತು, ಕೊನೆಗೆ ನನ್ನೇ ಯಾರವ್ವ ನೀನು ಅಂದ್ಲು, ಅಂತ. ಯಾರವ್ವ ನೀನು — ರಾತ್ರಿಯೆಲ್ಲ ಅದೇ, ಆ ಮೂರು ಸಲ, ತನ್ನದೇ ದನಿಯನ್ನು ಕಿವಿಗೊತ್ತಿಕೊಂಡು ಅದರೊಳಗೆ ತನ್ನನ್ನು ಹುಡುಕುತ್ತಿರುವ ಮುದುಕಿ, ಫೋನಿನಲ್ಲೇ ಹೇಳಿಬಿಡಬಹುದಿತ್ತು, ಒಂದು ದನಿ ಕಳಿಸಿದ್ದರೆ ಮುಗಿಯುತ್ತಿತ್ತು, ಆದರೆ ಯಾವ ದನಿಯನ್ನು ಇನ್ನು ನಂಬುತ್ತಾಳೆ, ನಂಬಿಕೆಯ ಮೇಲೆ ನೂರು ಪುಟ ಬರೆದವಳೇ ಅದನ್ನು ಹದಿನೇಳು ಸೆಕೆಂಡಿನಲ್ಲಿ ಒಡೆದಳು, ಎದುರಿಗೆ ನಿಂತೇ ಹೇಳಬೇಕು, ಹೇಳಿದರೆ ನಾಲ್ಕನೇ ಅಧ್ಯಾಯ ಹೋಯಿತು, ಊರವರು ಇನ್ನು ಕಾಲಿಡಬೇಡ ಅಂದರೆ ಎಂ.ಎ.ಯೂ ಹೋಯಿತು, ಹೋಗಲಿ, ಪೇಟೆಯಲ್ಲಿ ಇಳಿದು ಮಾಕವಳ್ಳಿ ಕಡೆಯ ಬಸ್ಸಿಗೆ ಓಡುವಾಗ ಒಂದು ಚಪ್ಪಲಿಯ ಉಂಗುಷ್ಠ ಕಿತ್ತಿತು, ಅದೂ ಹೋಗಲಿ.

ಡೈರಿಯ ಒಳಗೆ ಜಮಖಾನದ ಮೇಲೆ ಹೆಂಗಸರು, ತೊಳೆದಿಟ್ಟ ಕ್ಯಾನುಗಳ ಹಸಿ ವಾಸನೆ, ಬಾ ಇಪ್ಪತ್ತು ಕುಂತ್ಕ ಅಂತ ಕುಳ್ಳಮ್ಮ ಜಾಗ ಮಾಡಿಕೊಡುತ್ತಾಳೆ, ಕೂರಲಿಲ್ಲ, ಮಂಚಮ್ಮ ಕುರ್ಚಿಯಲ್ಲಿ, ಎಲೆಯಡಿಕೆ ಒಂದು ಕೆನ್ನೆಗೆ ಒತ್ತಿಕೊಂಡು, ಮಡಿಲಲ್ಲಿ ಫೋನು ಬೋರಲು, ಆಗಲೇ ಶುರುಮಾಡಿದ್ದಾಳೆ, ನೋಡ್ರವ್ವಾ, ನಂಗೂ ವಯಸ್ಸಾಯ್ತು — ರಾಗ ಬಿದ್ದಿತು, ಏಳಲಿಲ್ಲ, ಆ ವಾ ನೆಲದ ಮೇಲೇ ಉಳಿಯಿತು, ಅದನ್ನು ಕೇಳಿದ್ದೇ ಇಫ್ಫತ್‌ಳ ಬಾಯಿಂದ ಏಳು ಪದವೂ ಒಂದೇ ಏಟಿಗೆ ಹೊರಬಿದ್ದವು. ಕುಳ್ಳಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಅಯ್ಯೋ ಒಳ್ಳೆ ಮಗ ಕಣ್ರೇ, ಅಕ್ಕನ್ ಮಾನ ಉಳ್ಸೋಕೆ ತಪ್ಪ ತನ್ ಮೇಲೆ ಆಕ್ಕಂತಾವ್ಳೆ ಅಂದಳು, ಊಂ ಕಣವ್ವಾ ಅಂತ ನಾಲ್ಕೈದು ತಲೆಗಳು, ಅಲ್ಲ ಕುಳ್ಳಮ್ಮಕ್ಕಾ ನಿಜವಾಗ್ಲೂ ನಾನೇ ಅಂದಳು ಇಫ್ಫತ್, ಬುಡು ಬುಡು ಅಂತ ಮಂಚಮ್ಮನೇ ಕೈಯೆತ್ತಿದಳು, ನನ್ ದನಿ ನಂಗ್ ಗೊತ್ತಿಲ್ವಾ ಅಮ್ಮಿ, ಅದು ನಂದೇಯ, ನೀನು ನನ್ನ ಸಮಾಧಾನ ಮಾಡೋಕೆ ಬಂದಿದ್ದೀಯ, ಬಂದಿದ್ದಕ್ಕೆ ಕಾಫಿ ಕುಡ್ಕಂಡು ಓಗು — ಹುಟ್ಟಿದಾಗಿನಿಂದ ಹೇಳಿದ ಸುಳ್ಳನ್ನೆಲ್ಲ ಜನ ನಂಬಿದ್ದಾರೆ, ಒಂದೇ ಒಂದು ನಿಜ ಹೇಳಿದರೆ ಕಾಫಿ ಕೊಡುತ್ತಾರೆ, ಇನ್ನೇನು ಉಳಿದಿದೆ, ಒಂದೇ ಉಳಿದಿದೆ, ಬೇಡ, ಅಷ್ಟು ಜನರೆದುರು, ಮುಖದೆದುರೇ ಅಣಕಿಸಿದ ಹಾಗಾಗುತ್ತದೆ, ಆದರೂ ಬೇರೆ ದಾರಿಯೇ ಇಲ್ಲ, ಅಜ್ಜೀ, ಒಂದೇ ಸಲ ಕಣ್ಣು ಮುಚ್ಚಿಕೊಳ್ಳಿ ಅಂದಳು. ಯಾಕಮ್ಮಿ. ಮುಚ್ಚಿ ಅಜ್ಜಿ, ನಿಮ್ಮ ಕಾಲು ಹಿಡೀತೀನಿ. ಮುದುಕಿ ಮುಚ್ಚಿದಳು. ಇಫ್ಫತ್ ಕೆಮ್ಮಿದಳು. ಕೇಳ್ರವ್ವಾ — ಬಿತ್ತು, ಎದ್ದಿತು — ನಾಳೆ ಬೆಳಿಗ್ಗೆ ಯಾರೂ ಡೈರಿ ತಾವ ಬರಬ್ಯಾಡಿ, ತನ್ನ ಗಂಟಲಿನಲ್ಲಿ ಇನ್ನೊಬ್ಬಳ ಐವತ್ತು ವರ್ಷ ಓಡಾಡುತ್ತಿದೆ, ಗಂಡಸ್ರೇ ಆಲು ಕರೀಲಿ, ಅನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಒತ್ಕಂಡು ಬರ್ಲಿ, ಬೆಚ್ಚಗೆ ಮಲಿಕ್ಕಳಿ, ಆಯ್ತಾ. ಮಂಚಮ್ಮ ಕಣ್ಣು ಬಿಟ್ಟಳು, ಇಫ್ಫತ್‌ಳ ಬಾಯನ್ನೇ ನೋಡಿದಳು, ತನ್ನ ದನಿಯನ್ನು ಯಾರೋ ಆ ಬಾಯಲ್ಲಿ ಬಚ್ಚಿಟ್ಟ ಹಾಗೆ, ಆಮೇಲೆ ಮುದುಕಿಯ ಬಾಯಿ ತೆರೆಯಿತು, ಸದ್ದಿಲ್ಲ, ಎಲೆಯಡಿಕೆಯ ಕೆಂಪು, ಕೆಳಸಾಲಿನಲ್ಲಿ ಒಂಟಿಯಾಗಿ ನಿಂತ ಒಂದು ಹಲ್ಲು, ಬೈಗುಳ ಬರುತ್ತದೆ, ಬರಲಿ, ಉಗಿಯುತ್ತಾಳೆ, ಉಗಿಯಲಿ, ಏನೂ ಬರುತ್ತಿಲ್ಲ, ಕೆಂಪು ಬಾಯಿ ಹಾಗೇ ತೆರೆದಿದೆ, ಒಂಟಿ ಹಲ್ಲು — ಅಂಗಾರೆ ನಂಗೆ ಮರೆವು ಬಂದಿಲ್ಲ, ಅಂದಳು, ಪಿಸುಮಾತಿನಲ್ಲಿ, ನಂಗೆ ಮರೆವು ಬಂದಿಲ್ವೇ ಕುಳ್ಳೀ, ಈ ಮೂದೇವಿ, ಈ ಇಪ್ಪತ್ತು, ಆ ಸೀರೆ, ನಿನ್ ಗಂಡ ಸೀರೆ ಉಟ್ಕಂಡು — ಅಷ್ಟೇ, ಮಿಕ್ಕದ್ದು ನಗು, ಹೊಟ್ಟೆಯ ತಳದಿಂದ ಎದ್ದು ಬಂದ ನಗು, ಕುರ್ಚಿ ಅಲ್ಲಾಡಿತು, ಕ್ಯಾನುಗಳು ಅನುರಣಿಸಿದವು, ಕುಳ್ಳಮ್ಮ ನಕ್ಕಳು, ಅನು ನಕ್ಕಳು, ಮಿಕ್ಕ ಹೆಂಗಸರೂ ನಕ್ಕರು, ಎಲ್ಲರ ನಗುವಿನ ಮೇಲೆ ಅವಳದೇ, ತಿಂಗ್ಳಿಗೊಂದ್ ದಿನ ಗಂಡಸ್ರೇ ಬರ್ಲಿ ಅಂತ ಬರ್ಕಳೇ ಅನೂ ಅಂತ ಯಾರೋ ಕೂಗಿದರು, ಊಂ ಬರ್ಕ, ಈ ಸಲ ನಾನೇ ಯೋಳ್ತಾ ಇವ್ನಿ ಅಂತ ಮಂಚಮ್ಮ ನಗುವಿನ ನಡುವೆಯೇ, ನೀನೂ ಬರಿಯಮ್ಮಿ, ಎಲ್ಲಾನೂ ಬರಿ, ನೀನ್ ಮಾಡಿದ್ದನ್ನೂ ಸೇರ್ಸಿ ಬರಿ, ನಿಮ್ ಮೇಷ್ಟ್ರು ಬೈದ್ರೆ ಬೈಲಿ — ಬೈಯುತ್ತಾರೆ, ನಾಲ್ಕನೇ ಅಧ್ಯಾಯವನ್ನು ಹರಿದು ಮತ್ತೆ ಬರೆಯಬೇಕು, ಈ ಸಲ ತಾನೂ ಅದರಲ್ಲಿ ಇರುತ್ತಾಳೆ, ನಾಲಿಗೆ ಸಮೇತ, ಎಲ್ಲಿಂದ ಶುರು ಮಾಡುವುದು, ಕೆಮ್ಮಿನಿಂದಲೇ, ಜಗುಲಿಯಿಂದಲೇ, ಇಲ್ಲ, ಅದಕ್ಕೂ ಮೊದಲು — ಅವಳ ಕಿವಿ ಅಭ್ಯಾಸದಂತೆ ಆ ನಗುವನ್ನು ಹಿಡಿಯಲು ಹೋಯಿತು, ಎಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ, ಸಿಗಲಿಲ್ಲ, ಗಂಟಲು ಹಾಗೇ ನಿಂತಿತು, ಎದುರಿಗೆ ಬರೀ ಆ ಕೆಂಪು ಬಾಯಿ, ಸೂರಿನತ್ತ ತೆರೆದು, ಆ ಒಂಟಿ ಹಲ್ಲು.