ಹಲಗೆಯ ಮೇಲಿನ ಲೋಟದ ಗುರುತು

ಸ್ಪಿರಿಟ್ ಪಾಲಿಶ್ ಆದರೆ ಚದರಡಿಗೆ ನಲವತ್ತು ರೂಪಾಯಿ, ಮೆಲಮೈನ್ ಆದರೆ ತೊಂಬತ್ತು, ಗಾಜಿನ ಹಾಗೆ ಹೊಳೆಯುವ ಪಿಯು ಬೇಕೆಂದರೆ ಇನ್ನೂರರ ಮೇಲೆ, ಎಲ್ಲಾ ಬಿಟ್ಟು ಎನಾಮೆಲ್ ಬಣ್ಣ ಬಳಿಸಿದರೆ ಇಪ್ಪತ್ತೈದಕ್ಕೆ ಮುಗಿಯಿತು — ಕುಮಾರಸ್ವಾಮಿ ಮನಸ್ಸಿನಲ್ಲೇ ಗುಣಿಸುತ್ತ ತನ್ನ ಗ್ಯಾರೇಜಿನ ಶಟರ್ ಅರ್ಧಕ್ಕೆ ಎತ್ತಿದ, ಬಿಸಿಲು ಕೆಳಗಿನಿಂದ ನುಗ್ಗಿತು, ಮೊದಲು ನೆಲದ ಗ್ರೀಸಿನ ಕಲೆ, ಆಮೇಲೆ ಜ್ಯಾಕು, ಆಮೇಲೆ ಹೊಸ ಕ್ಯಾಬಿನೆಟ್ಟಿನ ಮೇಲ್ಹಲಗೆ, ಆ ಹಲಗೆಯ ಮೇಲೆ ಬಳೆಯಂಥ ಬಿಳಿ ಕಲೆ, ಲೋಟದ ತಳದಷ್ಟೇ ಅಗಲ, ಲೆಕ್ಕ ಅಲ್ಲಿಗೇ ತಪ್ಪಿಹೋಯಿತು. ರಾತ್ರಿ ಕಳೆದರೆ ಹೋಗಿರುತ್ತದೆ ಅಂದುಕೊಂಡಿದ್ದ, ಹೋಗಿಲ್ಲ. ಹತ್ತರೊಳಗೆ ಹೇಳ್ಬುಡಿ ಭಾಯ್, ಶಿರಾದಲ್ಲಿ ಬಸ್ ಹತ್ತೋ ಮುಂಚೆ ಯಾವ ಡಬ್ಬ ತಗಬೇಕು ಅಂತ ಗೊತ್ತಾಗ್ಬೇಕಲ್ಲ ಅಂತ ಪಾಲಿಶ್ ಮಾಡುವ ಚಾಂದ್ ಪಾಷಾ ನಿನ್ನೆಯೇ ಹೇಳಿ ಹೋಗಿದ್ದಾನೆ, ಆರು ಕ್ಯಾಬಿನೆಟ್ಟಿನಲ್ಲಿ ಐದು ಇನ್ನೂ ಬತ್ತಲೆ ನಿಂತಿವೆ, ನಿನ್ನೆ ಗ್ಯಾರೇಜಿನ ಪೂಜೆಗೆ ಒಂದಾದರೂ ಹೊಳೆಯಲಿ ಅಂತ ಇದೊಂದಕ್ಕೆ ಮಾದರಿಗೆ ಅರಗಿನ ಸ್ಪಿರಿಟ್ ಪಾಲಿಶ್ ಎಳೆಸಿದ್ದು, ಎಳೆಸಬಾರದಿತ್ತು, ಬಿಸಿ ಲೋಟ ಇಟ್ಟರೆ ಬಿಳಿಚಿಕೊಳ್ಳುವ ಪಾಲಿಶ್ ಅದು, ಬಣ್ಣ ಬಳಿಸಿದ್ದರೆ ಏನೂ ಆಗುತ್ತಿರಲಿಲ್ಲ — ಆಗುತ್ತಿರಲಿಲ್ಲವೇ? ಬಣ್ಣ ಬಳಿಸಿದ್ದರೂ ಕೈ ಇದೇ ಕೈಯಲ್ಲವೇ, ಅದು ಹೋಗುವ ಕಡೆಗೇ ಹೋಗುತ್ತಿತ್ತು.

ಎಂಟೂವರೆಗೆ ಶಟರ್ ಎತ್ತುತ್ತಿದ್ದವನು ರಂಗನಾಥ, ಕೊಳಾಲದಿಂದ ಬೈಕಿನಲ್ಲಿ ಬಂದು ಕೊರಟಗೆರೆಯ ಈ ರಸ್ತೆಗೆ ಮೊದಲು ಬೀಗ ತೆಗೆಯುವವನು, ಇವತ್ತು ಒಂಬತ್ತೂಕಾಲಾದರೂ ಇಲ್ಲ, ಫೋನ್ ಮಾಡೋಣವೆಂದರೆ ಬೆರಳು ಹೆಸರಿನವರೆಗೆ ಹೋಗಿ ವಾಪಸ್ ಬರುತ್ತದೆ, ಏನಂತ ಕೇಳುವುದು, ಯಾಕೋ ಬಂದಿಲ್ಲ ಅಂತಲೇ? ಹೆಸರಿಗೆ ಕೆಲಸದವನು, ನಿಜಕ್ಕೂ ಎಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುವ ಈ ಗ್ಯಾರೇಜಿನ ಕಿವಿಯೇ ಅವನದು, ಪಾವಗಡದ ಸೋಲಾರ್ ಕಂಟ್ರಾಕ್ಟಿನ ಜೀಪಿನವರು ಅಷ್ಟು ದೂರದಿಂದ ಬಂದು ರಂಗಣ್ಣ ಉನ್ನಾಡಾ, ಇದ್ದಾನಾ ಅಂತ ತೆಲುಗಿನಲ್ಲಿ ಕೇಳುತ್ತಾರೆ, ಇಲ್ಲವೆಂದರೆ ಎಂಜಿನ್ ಆಫ್ ಮಾಡದೆ ಹಾಗೇ ತಿರುಗಿಸಿಕೊಂಡು ಹೋಗುತ್ತಾರೆ, ತುಮಕೂರಿನ ದೊಡ್ಡ ಗ್ಯಾರೇಜಿನವನು ಯುಗಾದಿಯಿಂದ ಕರೆಯುತ್ತಲೇ ಇದ್ದಾನೆ, ಓಗಲ್ಲ ಕಣ್ಲಾ, ಅಲ್ಲಿ ಬಯ್ಯಕ್ಕೆ ಯಾರವ್ರೆ ನಂಗೆ ಅಂದಿದ್ದ ರಂಗನಾಥ. ಈ ಕ್ಯಾಬಿನೆಟ್ಟೂ ಅವನದೇ ತಲೆ. ಸ್ಪ್ಯಾನರು ನೆಲದಲ್ಲಿ ಹೊರಳಾಡುವುದು ಸಾಕು ಅಂತ ಬೋಲ್ಟಿನ ಅಳತೆ ಬರೆಯುವ ರಟ್ಟಿನ ಹಿಂದೆ ಚಿತ್ರ ಬರೆದು ತೋರಿಸಿದ, ಶಿರಾದ ಸಾಮಿಲ್ಲಿಗೆ ಇಬ್ಬರೂ ಟೆಂಪೋದಲ್ಲಿ ಹೋಗಿ ಹಲಗೆ ತಟ್ಟಿ ತಟ್ಟಿ ಆರಿಸಿದ್ದು, ತೇಗ ಯಾಕ್ಲಾ, ಬೇವು ಸಾಕು, ಗೆದ್ದಲು ಮೂಸಿ ನೋಡ್ಬುಟ್ಟು ವಾಪಸ್ ಓಯ್ತದೆ, ಅಂದವನು ಬರುವ ದಾರಿಯುದ್ದಕ್ಕೂ ತಮಾಷೆ, ಸ್ಪ್ಯಾನರ್‌ಗೆ ಮನೆ ಕಟ್ಟುಸ್ತಾ ಇದ್ದೀಯ, ಗೃಹಪ್ರವೇಶಕ್ಕೆ ಹೂವ ಮುಡುಸ್ಬುಡು ಅತ್ಲಾಗೆ. ಫ್ಲಾಸ್ಕು ತೊಡೆಯ ನಡುವೆ ಇಟ್ಟುಕೊಂಡು, ಅದರ ಮುಚ್ಚಳವೇ ಲೋಟ, ಇವನು ಎರಡು ಗುಟುಕು ಅವನು ಎರಡು ಗುಟುಕು, ಒರೆಸದೆ ತೊಳೆಯದೆ, ಇಷ್ಟು ವರ್ಷ ಹಾಗೇ, ಅದನ್ನು ದೊಡ್ಡದು ಅಂತ ಯಾವತ್ತೂ ಅಂದುಕೊಂಡಿರಲಿಲ್ಲ, ಬಾಯಾರಿದರೆ ಕುಡಿಯುವುದು ಅಷ್ಟೇ — ಅಂದುಕೊಂಡಿರಲಿಲ್ಲವೇ? ಇಲ್ಲ, ಒಳಗೊಳಗೇ ಅಂದುಕೊಂಡಿದ್ದ, ಕೇರಿಯವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ನಮ್ಮಪ್ಪನ ಹಾಗಲ್ಲ ನಾನು ಅಂತ ಆ ಮುಚ್ಚಳ ಹಿಡಿದಾಗಲೆಲ್ಲ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು, ಈಗ ನೆನೆಸಿಕೊಂಡರೆ ಅದೇ ನಾಚಿಕೆ.

ನಿನ್ನೆ ಏನಾಯಿತು, ಏನೂ ಆಗಲಿಲ್ಲ, ಯಾರೂ ಜಗಳವಾಡಲಿಲ್ಲ. ಪೂಜೆ ಮುಗಿಯಿತು, ಸ್ಪ್ಯಾನರಿಗೆಲ್ಲ ವಿಭೂತಿ, ಹೆಂಡತಿ ಭುವನಾ ಮನೆಯಿಂದ ತಂದ ಸ್ಟೀಲ್ ಲೋಟಗಳಲ್ಲಿ ಎಲ್ಲರಿಗೂ ಟೀ, ಅವ್ವ ಕುರ್ಚಿಯಲ್ಲಿ, ಮಧುಗಿರಿಯಿಂದ ಬಂದ ನೆಂಟರು ಟೈರುಗಳ ಮೇಲೆ, ರಂಗನಾಥ ನಿಂತುಕೊಂಡೇ ಒಬ್ಬೊಬ್ಬರಿಗೂ ಡ್ರಾಯರ್ ಎಳೆದು ತೋರಿಸುತ್ತಿದ್ದ, ನೋಡಿ ಒಂದು ಬೆರಳಲ್ಲಿ ಎಳುದ್ರೆ ಸಾಕು ಅಂತ, ಒಂದೇ ಬೆರಳಲ್ಲಿ ಎಳೆದೂ ತೋರಿಸಿದ, ಅದಕ್ಕೆ ಕೈ ಬಿಡುವಾಗಲಿ ಅಂತ ಬಿಸಿ ಲೋಟವನ್ನು ಮೇಲ್ಹಲಗೆಯ ಮೇಲಿಟ್ಟ. ಎಲ್ಲರದೂ ಕುಡಿದಾಯಿತು. ಲೋಟ ಎತ್ತಿದವನು ಕುಮಾರಸ್ವಾಮಿ. ನೆಂಟರ ಲೋಟಗಳಿಗೆ ಬೆರಳು ತೂರಿಸಿ ಎಡಗೈಯಲ್ಲಿ ನಾಲ್ಕು ಹಿಡಿದುಕೊಂಡ, ಒಳಗೆ ಉಳಿದ ಟೀ ಬೆರಳಿಗೆ ಅಂಟಿತು, ಅಂಟಿದರೆ ಅಂಟಲಿ, ಕ್ಯಾಬಿನೆಟ್ಟಿನ ಹತ್ತಿರ ಬಂದ, ಬಲಗೈ ಚಾಚಿತು, ಅವ್ವ ಈ ಕಡೆ ನೋಡುತ್ತಿದ್ದಳು, ನೆಂಟರೂ, ಚಾಚಿದ ಕೈ ನಡುದಾರಿಯಲ್ಲಿ ತಿರುಗಿ ಪಕ್ಕದಲ್ಲಿದ್ದ ಒರೆಸುವ ಬಟ್ಟೆ ಹಿಡಿಯಿತು, ಆ ಬಟ್ಟೆಯಲ್ಲಿ ಸುತ್ತಿ ರಂಗನಾಥನ ಲೋಟ ಎತ್ತಿತು. ಕೈ ಎತ್ತಿತಂತೆ, ಕೈಗೇನು ಗೊತ್ತು, ಎತ್ತಿದವನು ಅವನೇ. ಲೋಟ ಆರಿ ತಣ್ಣಗಿತ್ತು, ಬಟ್ಟೆಯೊಳಗಿಂದಲೂ ತಣ್ಣಗೆ ಗೊತ್ತಾಗುತ್ತಿತ್ತು. ಎತ್ತಿದ ಮೇಲೆ ಕೆಳಗೆ ಬಿಳಿ ಬಳೆ ಕಂಡಿತು, ಸಿಕ್ಕಿತಲ್ಲ ನೆಪ, ಎಂಥ ಕೆಲಸ ಮಾಡ್ದೆ ರಂಗ, ಪಾಲಿಶ್ ಎಲ್ಲಾ ಹಾಳಾಯ್ತು ನೋಡು ಅಂತ ಬೇಕಿದ್ದಕ್ಕಿಂತ ಜೋರಾಗಿ ಅಂದ. ರಂಗನಾಥ ಬಳೆಯನ್ನು ನೋಡಲಿಲ್ಲ. ಬಟ್ಟೆ ನೋಡಿದ. ಡ್ರಾಯರನ್ನು ಒಂದು ಬೆರಳಿನಲ್ಲಿ ಒಳಕ್ಕೆ ತಳ್ಳಿ, ಬತ್ತೀನಿ ಅಂದ.

ಅವ್ವನ ಕಣ್ಣಿಗೆ ಹೆದರಿ, ಹಾಗೆ ಅಂದುಕೊಂಡೇ ರಾತ್ರಿ ಹೇಗೋ ನಿದ್ದೆ ಮಾಡಿದ್ದ. ಹಳೆಯ ಕಾಲದವಳು, ಅವಳ ಮನಸ್ಸು ನೋಯಬಾರದು, ಅವಳಿದ್ದಾಳೆಂದು ಹಾಗಾಯಿತು, ಒಬ್ಬನೇ ಇದ್ದಿದ್ದರೆ ಆಗುತ್ತಿತ್ತೇ. ಬೆಳಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಅವ್ವ ಬಸವಮ್ಮ ಅದೇ ಲೋಟಗಳನ್ನು ಬೂದಿ ಹಾಕಿ ಬೆಳಗುತ್ತಿದ್ದಳು, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ, ತಲೆ ಎತ್ತದೆ ಕೇಳಿದಳು, ಆ ಹುಡುಗನ ಲೋಟ ಯಾಕ್ಲಾ ಬಟ್ಟೇಲಿ ಎತ್ತುದೆ, ಬಿಸಿ ಇತ್ತಾ? ಇಲ್ಲ ಕಣವ್ವ, ಕೈ ಎಣ್ಣೆಯಾಗಿತ್ತು, ಪಾಲಿಶ್‌ಗೆ ತಾಕ್ಬಾರ್ದು ಅಂತ. ಅವ್ವ ಬೂದಿ ಉಜ್ಜಿದಳು, ತೊಳೆದಳು, ಮಗುಚಿಟ್ಟಳು. ನಾನು ಬಿದ್ದಾಗ ತುಮಕೂರು ಆಸ್ಪತ್ರೇಲಿ ನನ್ನ ಎತ್ಕಂಡು ಮೆಟ್ಲು ಅತ್ತಿದ್ದು ಅವ್ನು, ನೀನು ಬಿಲ್ ಕಟ್ಟಕ್ಕೆ ಓಗಿದ್ದೆ, ಅಂದಳು. ಆಮೇಲೆ ಇನ್ನೊಂದು ಲೋಟ ತೆಗೆದುಕೊಂಡು, ನಮ್ಮತ್ತೆ ಅವ್ನ ಕೇರಿಯೋರು ಕುಡ್ದ ಲೋಟ ಕೋಲಲ್ಲಿ ನೂಕೋಳು, ನಾನು ಅದನ್ನ ಒಳಗೆ ತರ್ದಿದ್ರೂ ಕೋಲು ಇಡೀಲಿಲ್ಲ, ನೀನು ಬಟ್ಟೆ ಇಡ್ದೆ, ಅಷ್ಟೇ ಅಂದಳು, ಸಿಟ್ಟಿನ ದನಿಯಲ್ಲ, ತೊಗರಿಗೆ ಹುಳ ಬಿದ್ದಿದೆ ಅನ್ನುವ ದನಿ. ಅವ್ವನ ಕಣ್ಣಿನ ನೆಪವೂ ಹೋಯಿತು. ಇನ್ನು ಯಾರ ಹೆಸರು ಹೇಳುವುದು, ನೆಂಟರದೇ? ಅವರು ಟೀ ಕುಡಿದು ದಾಳಿಂಬೆಯ ರೇಟು ಮಾತಾಡುತ್ತಿದ್ದರು.

ಸ್ಪಿರಿಟ್ ಬಾಟಲಿ ಕ್ಯಾಬಿನೆಟ್ಟಿನ ಪಕ್ಕದಲ್ಲೇ ಇದೆ, ಪಾಷಾ ಬಿಟ್ಟುಹೋಗಿದ್ದು, ಕಲೆ ಬಿದ್ರೆ ಬಟ್ಟೆಗೆ ನಾಕು ತೊಟ್ಟು ಹಾಕ್ಕಂಡು ಹಂಗೇ ಸವರಿ ಭಾಯ್, ಅರಗು ಕರಗಿ ಕೂಡ್ಕಂತದೆ, ಏನೂ ಆಗಿಲ್ಲ ಅನ್ನಂಗೆ ಆಯ್ತದೆ. ಏನೂ ಆಗಿಲ್ಲ ಅನ್ನುವ ಹಾಗೆ. ಕುಮಾರಸ್ವಾಮಿ ಬಟ್ಟೆ ತೆಗೆದುಕೊಂಡ, ಬಾಟಲಿ ಬಗ್ಗಿಸಿದ, ವಾಸನೆ ಮೂಗಿಗೆ ಹತ್ತಿತು, ಸವರಿದರೆ ಒಂದು ನಿಮಿಷ, ಅವನು ಬಂದರೆ ಕಾಣಬಾರದು, ಕಾಣದಿದ್ದರೆ ಅರ್ಧ ಮರೆತ ಹಾಗೆ, ಬಗ್ಗಿದ, ಹತ್ತಿರದಿಂದ ಬಳೆ ಇನ್ನೂ ಬೆಳ್ಳಗೆ, ಹೊರಗೆ ಬೈಕ್ ನಿಂತಿತು, ಶಟರ್ ಪೂರ್ತಿ ಮೇಲಕ್ಕೆ ಹೋಯಿತು, ಬೆಳಕು, ಬೆಳಕಿನಲ್ಲಿ ರಂಗನಾಥ, ಇವನ ಕೈಯಲ್ಲಿ ಬಟ್ಟೆ. ನಿನ್ನೆಯದೇ ಬಟ್ಟೆ. ಒರ್ಸಿ ಒರ್ಸಿ, ಒಂದ್ ನಿಮ್ಸದ ಕೆಲ್ಸ, ಅಂದ ರಂಗನಾಥ, ಬೈಕ್ ಪಂಚರಾಗಿತ್ತಂತೆ. ರಂಗ, ನಿನ್ನೆ — ಅಂತ ಕುಮಾರಸ್ವಾಮಿ ಶುರುಮಾಡುವಷ್ಟರಲ್ಲೇ, ನಿನ್ನೆ ಪೂಜೆ ಚೆನ್ನಾಗಾಯ್ತು, ಅಮ್ಮೋರು ಖುಷಿಯಾಗಿದ್ರು, ಅಂದುಬಿಟ್ಟ ರಂಗನಾಥ, ಮಾತಿಗೆ ಜಾಗವೇ ಇಲ್ಲದ ಹಾಗೆ. ಕುಮಾರಸ್ವಾಮಿ ಬಟ್ಟೆ ಕೆಳಗಿಟ್ಟ, ಹೇಳಬೇಕಿದ್ದದ್ದು ಬೇರೆ, ಬಾಯಿಗೆ ಬಂದದ್ದು ಬೇರೆ, ಯಾವ ಪಾಲಿಶ್ ಹಾಕಿಸೋಣ, ಪಾಷಾ ಕೇಳುತ್ತಿದ್ದಾನೆ. ಕಪ್ಪು ಬಣ್ಣ ಒಡುಸ್ಬುಡಿ, ಏನಿಟ್ರೂ ಕಾಣಲ್ಲ, ಅಂದ ರಂಗನಾಥ.

ಟೀ ಕುಡಿಯೋಣ ಬಾ ಅಂತ ಕುಮಾರಸ್ವಾಮಿ ಫ್ಲಾಸ್ಕು ತೆಗೆದ, ಮುಚ್ಚಳ ತುಂಬಿಸಿ ಎಂದಿನ ಹಾಗೆ ಮೊದಲು ಅವನಿಗೆ ಚಾಚಿದ. ರಂಗನಾಥ ಆ ಮುಚ್ಚಳವನ್ನು ಒಂದು ಗಳಿಗೆ ನೋಡಿದ, ನೀವು ಕುಡೀರಿ ಅಂದ, ಹೆಗಲಿನ ಚೀಲದ ಜಿಪ್ ಎಳೆದು ಮನೆಯಿಂದ ತಂದ ಲೋಟ ತೆಗೆದ, ಅದನ್ನು ಒಂದು ಮೊಳ ದೂರದಲ್ಲಿ ಹಿಡಿದ, ಊಂ, ಹಾಕಿ ಅಂದ. ಹಾಕಿದ. ಬೇರೆ ಏನು ಮಾಡಬಹುದಿತ್ತು, ಮೇಲಿನಿಂದ ಬಗ್ಗಿಸಿದ, ಒಂದು ಹನಿಯೂ ಚೆಲ್ಲಲಿಲ್ಲ, ಆ ಎತ್ತರ ಯಾರೂ ಕಲಿಸದೆ ಕುಮಾರಸ್ವಾಮಿಯ ಕೈಗೆ ಬಂದುಬಿಟ್ಟಿತ್ತು. ಫೋನ್ ಹೊಡೆದುಕೊಂಡಿತು, ಸ್ಪಿರಿಟ್ ಪಾಲಿಶ್ಶೇ ಇರಲಿ ಪಾಷಾ, ಐದಕ್ಕೂ ಅದೇ, ಈ ಮೇಲ್ಹಲಗೆ ಮಾತ್ರ ಮುಟ್ಟಬೇಡ, ಇದು ಹೀಗೇ ಇರಲಿ, ಅಂದ. ರಂಗನಾಥನಿಗೆ ಕೇಳಿಸಿತೋ ಇಲ್ಲವೋ, ಕುಡಿದು ಮುಗಿಸಿ, ಪಾಲಿಶ್ ಇನ್ನೊಂದು ಕಡೆ ಕೆಡದಿರಲಿ ಅಂತಲೋ ಏನೋ, ಲೋಟವನ್ನು ಹುಡುಕಿಕೊಂಡು ಹೋಗಿ ಆ ಬಳೆಯ ಮೇಲೇ ಇಟ್ಟ, ಮೇಲಂಗಿ ಕಳಚಿ ರಿಪೇರಿಗೆ ನಿಂತಿದ್ದ ಜೀಪಿನ ಕೆಳಗೆ ಸರಿದ. ಕ್ಯಾಬಿನೆಟ್ಟುಗಳು ನಾಳಿದ್ದಿಗೆ ಮುಗಿಯುತ್ತವೆ. ರಂಗನಾಥ ತುಮಕೂರಿಗೆ ಹೋಗಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಇನ್ನು ಕುಮಾರಸ್ವಾಮಿ ಒಬ್ಬನೇ ಕುಡಿಯಬೇಕು. ಲೋಟ ಬಳೆಯ ಮೇಲೆ ಕೂತಿದೆ, ಸರಿಯಾಗಿ ಕೂತಿದೆ, ಲೋಟ, ಅದರ ಕೆಳಗೆ ಬಿಳಿ ಬಳೆ.