ಲಂಗರಿಗಂಟಿದ ಮಣ್ಣು

ಮೂರನೇ ದಿನವೂ ಆ ದೊಡ್ಡ ದೋಣಿ ತಾನು ಬಲೆ ಬಿಡುವ ಜಾಗದಲ್ಲೇ ನಿಂತಿದ್ದನ್ನು ಕಂಡು ಮೀನುಗಾರ ಹದ್ದುಗಣ್ಣ ಕೈಲಿದ್ದ ಹುಟ್ಟನ್ನು ದೋಣಿಯೊಳಕ್ಕೆ ಎಸೆದ. ನೀರಡಿಯ ಆ ಬಂಡೆಸಾಲು ಅವನಪ್ಪ ಕಿವಿಯಲ್ಲಿ ಹೇಳಿಹೋದ ಗುಟ್ಟು. ಮನೆಯ ಒಲೆ ಉರಿಯುತ್ತಿದ್ದದ್ದೇ ಅದರಿಂದ. ತನ್ನನ್ನು ಬಿಟ್ಟರೆ ಜೊತೆಗೆ ಬಲೆ ಎಳೆಯುವ ಭಾಮೈದನಿಗಷ್ಟೇ ಅದು ಗೊತ್ತಿತ್ತು. ತಾನಂತೂ ಬಾಯಿ ಬಿಟ್ಟಿಲ್ಲ.

ಕಳೆದ ತಿಂಗಳು ಮೀನುಗಾರಿಕೆ ಕಚೇರಿಯವರು ಸಣ್ಣ ದೋಣಿಗಳಿಗೆಲ್ಲ ಅಂಗೈಯಗಲದ ಪೆಟ್ಟಿಗೆ ಹಂಚಿದ್ದರು. ಅಪಾಯವಾದರೆ ಗುಂಡಿ ಒತ್ತಿ, ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಯುತ್ತದೆ ಎಂದಿದ್ದರು. ಬೇಡವೆಂದರೂ ಭಾಮೈದ ತಂದು ದೋಣಿಗೆ ಬಿಗಿದಿದ್ದ. ಈಗ ಹದ್ದುಗಣ್ಣ ಅದರತ್ತ ಬೆರಳು ಮಾಡಿದ.

"ಪುಕ್ಕಟೆ ಕೊಡೋರು ಸುಮ್ನೆ ಕೊಡ್ತಾರೇನೋ? ನಾವು ಬಲೆ ಬಿಡೋ ಜಾಗಾನ ಇದು ಆ ದೊಡ್ಡ ದೋಣಿಯವರ ಕಿವಿಗೆ ಊದ್ತಾ ಇದೆ. ನಿನಗೇನು ಆಸೆ ತೋರಿಸಿದ್ರು?"

"ಭಾವ, ಹೋದ ವರ್ಷ ಮಂಜಲ್ಲಿ ದಾರಿ ತಪ್ಪಿ ಎರಡು ದಿನ ಒದ್ದಾಡಿದ್ದು ಮರೆತೋಯ್ತಾ? ಅದಕ್ಕೇ ತಂದಿದ್ದು."

"ಕಥೆ ಕಟ್ಬೇಡ. ನಾಳೆಯಿಂದ ನನ್ನ ದೋಣಿ ಹತ್ತಬೇಡ."

ಭಾಮೈದ ಹಗ್ಗ ಕೆಳಗಿಟ್ಟು ಹೊರಟುಹೋದ. ಹದ್ದುಗಣ್ಣ ಪೆಟ್ಟಿಗೆಯನ್ನು ಕಿತ್ತು ಮನೆಯ ಮೂಲೆಯಲ್ಲಿಟ್ಟು, ಅಲ್ಲಿಂದಲೂ ಊದೀತೆಂದು ಮೇಲೊಂದು ಮಡಕೆ ಕವುಚಿದ.

ಮರುದಿನ ಒಬ್ಬನೇ ಹೋಗಿ, ಭಾಮೈದನಿಗೂ ತೋರಿಸದಿದ್ದ ಇನ್ನೊಂದು ಜಾಗದಲ್ಲಿ ಬಲೆ ಬಿಟ್ಟ. ಎಳೆಯಲು ಕೈ ಸಾಲದೆ ಅರ್ಧ ಮೀನು ಜಾರಿಹೋಯಿತು. ಅದರ ಮರುದಿನ ನೋಡಿದರೆ ದೊಡ್ಡ ದೋಣಿ ಅಲ್ಲೂ ಹಾಜರು!

ದಡದಲ್ಲಿ ಬಲೆ ಹೊಲಿಯುತ್ತಿದ್ದ ಹೆಂಡತಿ ಅವನ ಗೋಳು ಕೇಳಿ ನಕ್ಕಳು. "ಪೆಟ್ಟಿಗೇನೂ ಇಲ್ಲ, ನನ್ನ ತಮ್ಮನೂ ಇಲ್ಲ. ಇನ್ಯಾರು, ನಾನಾ?"

ಅವನು ಒಂದು ಕ್ಷಣ ಅವಳನ್ನೂ ದಿಟ್ಟಿಸಿದ.

"ನನ್ನ ಮುಖ ಆಮೇಲೆ ನೋಡಿ. ಮೊದಲು ನಿಮ್ಮ ಲಂಗರು ನೋಡಿ. ಮೊನ್ನೆವರೆಗೆ ಕೆಂಪು ಮಣ್ಣು, ನಿನ್ನೆ ಕರಿ ಮರಳು. ತೊಳೀದೆ ಹಾಗೇ ದಡದಲ್ಲಿ ಹಾಕ್ತೀರ. ಯಾವ ಮಣ್ಣು ಯಾವ ನೀರಡಿ ಇರುತ್ತೆ ಅಂತ ಕಡಲಿಗೆ ಹೋಗೋರಿಗೆ ಗೊತ್ತಿಲ್ವಾ? ಆ ದೊಡ್ಡ ದೋಣಿಯವನು ದಿನಾ ಬೆಂಕಿಪೊಟ್ಟಣ ಕೇಳ್ಕೊಂಡು ಬಂದು ಲಂಗರಿನ ಪಕ್ಕಾನೇ ಕೂರ್ತಾನಲ್ಲ, ಅವನ ದೋಣೀಲಿ ಬೆಂಕಿಗೆ ಬರವಾ?"

ಹದ್ದುಗಣ್ಣನ ಮುಖ ಸಪ್ಪಗಾಯಿತು. ಊರೆಲ್ಲರ ಮೇಲೆ ಅನುಮಾನಪಟ್ಟಿದ್ದ, ಅವನೊಬ್ಬನನ್ನು ಬಿಟ್ಟು. ದೊಡ್ಡ ಮನುಷ್ಯ ಪಕ್ಕದಲ್ಲಿ ಕೂತನೆಂದು ಉಬ್ಬಿಹೋಗಿದ್ದ.

ಪೆಟ್ಟಿಗೆ ಹಿಡಿದು ಭಾಮೈದನ ಬಾಗಿಲಿಗೆ ಹೋಗಿ, ಎಲ್ಲ ಹೇಳಿದ. "ತಪ್ಪು ನಂದೇ ಕಣೋ. ಲಂಗರು ತೊಳೆದಿಟ್ಟಿದ್ದೀನಿ. ನಾಳೆ ಬಾ."

ಭಾಮೈದ ಅರ್ಧ ಬಾಗಿಲಲ್ಲೇ ನಿಂತು ಅಡಿಯಿಂದ ಮುಡಿವರೆಗೆ ನೋಡಿದ. "ತೊಳೆದ್ರಾ? ಯಾವತ್ತೂ ತೊಳೀದವರು ತೊಳೆದ್ರೆ ಏನೋ ಮುಚ್ಚಿಡ್ತಿದ್ದೀರ ಅಂತ ದಡವೆಲ್ಲ ನಿಮ್ಮ ಬೆನ್ನು ಹತ್ತುತ್ತೆ. ಮೀನೇ ಇಲ್ಲದ ಕಡೆಯ ಕೆಸರು ತಂದು ಲಂಗರಿಗೆ ಮೆತ್ತೋಣ. ಅವನು ಅಲ್ಲಿ ಬಲೆ ಹಾಕ್ಕೊಂಡು ಕೂರ್ಲಿ."

ಪೆಟ್ಟಿಗೆಯನ್ನು ಕೈಯಿಂದ ಕಸಿದುಕೊಂಡು ಹೇಳಿದ: "ಮೆತ್ತೋದೂ ನಾನೇ ಮೆತ್ತುತ್ತೀನಿ ಭಾವ. ನಿಮ್ಮನ್ನ ನಂಬೋಕಾಗಲ್ಲ."